ಸೂರ್ಯಪಾನದ ಕಾಳು: ಮಕ್ಕಳ ಹಾಗೂ ಹಿರಿಯರ ಆಹಾರದಲ್ಲಿ ಅದರ ಸ್ಥಾನ

ಒಂದು ನಾಡಿನ ಊಟದ ಇತಿಹಾಸವು ಆ ನಾಡಿನ ಶಬ್ದಗಳಲ್ಲಿ ಅಡಗಿರುತ್ತದೆ. ಕನ್ನಡದ ‘ಎಣ್ಣೆ’ ಎಂಬ ಶಬ್ದವು ‘ಎಳ್’ ಮತ್ತು ‘ನೆಯ್’ ಎಂಬೆರಡು ಪದಗಳು ಕೂಡಿ ಆದುದು. ಎಳ್ಳಿನ ಜಿಡ್ಡು ಎಂಬುದೇ ಅದರ ಮೂಲಾರ್ಥ. ಸಂಸ್ಕೃತದ ‘ತೈಲ’ವೂ ‘ತಿಲ’ದಿಂದಲೇ ಹುಟ್ಟಿದೆ. ಎರಡು ಭಾಷೆಗಳೂ ಎಣ್ಣೆಗೆ ಹೆಸರಿಡುವಾಗ ಕಾಳನ್ನು ಮರೆಯಲಿಲ್ಲವೆಂಬುದು ಗಮನಾರ್ಹವಾದ ಸಂಗತಿ.

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಹಿಂಡಿ’ ಎಂಬ ಇನ್ನೊಂದು ಶಬ್ದವಿದೆ. ಅದಕ್ಕೆ ಅರ್ಥಗಳು ಎರಡು. ಗಾಣದಲ್ಲಿ ಎಣ್ಣೆಯನ್ನು ತೆಗೆದ ಮೇಲೆ ಉಳಿಯುವ, ದನಕರುಗಳ ಮೇವಿಗೆ ಬೆರೆಸುವ ಹಿಂಡಿ ಒಂದು. ಎಣ್ಣೆಕಾಳನ್ನು ಹಂಚಿನ ಮೇಲೆ ಹುರಿದು, ಖಾರ ಬೆಳ್ಳುಳ್ಳಿ ಕೂಡಿಸಿ ಕುಟ್ಟಿ, ರೊಟ್ಟಿಯ ಮಗ್ಗುಲಿಗೆ ಬಡಿಸುವ ಹಿಂಡಿ ಇನ್ನೊಂದು. ಶೇಂಗಾ, ಗುರೆಳ್ಳು, ಅಗಸಿ ಈ ಮೂರೂ ಎರಡು ಅರ್ಥಗಳಲ್ಲಿಯೂ ಹಿಂಡಿಯಾಗುತ್ತವೆ. ದನಕ್ಕೂ ಉಂಟು, ಮನುಷ್ಯನಿಗೂ ಉಂಟು. ಈ ನಾಡಿನ ಎರೆಹೊಲಗಳಲ್ಲಿ ಐವತ್ತು ವರ್ಷಗಳಿಂದ ಬೆಳೆಯುತ್ತ ಬಂದಿರುವ ಸೂರ್ಯಕಾಂತಿಗೆ ಮಾತ್ರ ಆ ಎರಡನೆಯ ಅರ್ಥ ಇನ್ನೂ ಸರಿಯಾಗಿ ದೊರೆತಿಲ್ಲ. ಅದರ ಎಣ್ಣೆ ಮನೆಗೆ ಬಂದಿತು. ಕಾಳು ಗಂಗಾಳಕ್ಕೆ ಬರಲಿಲ್ಲ. ಇದರಿಂದ ಮಕ್ಕಳಿಗೂ ಹಿರಿಯರಿಗೂ ಆಗಿರುವ ನಷ್ಟವೆಷ್ಟು, ಅದನ್ನು ತುಂಬಿಕೊಳ್ಳುವ ಬಗೆ ಹೇಗೆ ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹೊಲಕ್ಕೆ ಬಂದ ಬಗೆ

ಗದಗದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಕೆಲವೇ ಮೈಲಿ ಸಾಗಿದರೆ, ಮೃಗಾಲಯದಿಂದಾಗಿ ಹೆಸರಾದ ಬಿಂಕದಕಟ್ಟಿ ಗ್ರಾಮವು ಸಿಗುತ್ತದೆ. ಈ ಸೀಮೆಯ ಎರೆಭೂಮಿ ತೇವವನ್ನು ಬಹುಕಾಲ ಹಿಡಿದಿಡುವ ಗುಣವುಳ್ಳದ್ದು. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆಗಳೂ ಅವುಗಳ ಜೊತೆಗೆ ಸೂರ್ಯಕಾಂತಿಯೂ ಇಲ್ಲಿ ಬೆಳೆಯುತ್ತವೆ. ರೈತರು ಅದನ್ನು ಕರೆಯುವುದು ‘ಸೂರ್ಯಪಾನ’ವೆಂದು. ಸೂರ್ಯನನ್ನು ಕುಡಿಯುವುದು ಎಂಬ ಅರ್ಥವನ್ನು ಹೊರಡಿಸುವ ಈ ಹೆಸರು ಗ್ರಂಥಸ್ಥ ನಾಮಕ್ಕಿಂತ ಸೊಗಸಾಗಿದೆ. ಕಾಳು ಕಟ್ಟುವ ಹೊತ್ತಿಗೆ ಹೊಲಕ್ಕೆ ಗಿಳಿಗಳ ಹಿಂಡು ಇಳಿಯುತ್ತದೆ. ಗಿಳಿಯು ತೆನೆಯಿಂದ ಕಾಳನ್ನು ಹಿರಿದು, ಕೊಕ್ಕಿನಲ್ಲಿ ಸಿಪ್ಪೆಯನ್ನು ಒಡೆದು ಕೆಳಗೆ ಚೆಲ್ಲಿ, ಒಳಗಿನ ತಿರುಳನ್ನಷ್ಟೇ ತಿನ್ನುತ್ತದೆ. ರೈತನಿಗೆ ಅದು ಉಪದ್ರವವೇ ಸರಿ. ಆದರೆ ಈ ಕಾಳಿನಲ್ಲಿ ತಿನ್ನತಕ್ಕ ಭಾಗ ಯಾವುದೆಂಬ ಪಾಠವನ್ನು ಆ ಪಕ್ಷಿ ಪ್ರತಿವರ್ಷವೂ ಹೇಳಿ ಹೋಗುತ್ತದೆ.

ಸೂರ್ಯಕಾಂತಿಯು ಈ ದೇಶದ ಮೂಲದ್ದಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳು ನಾಲ್ಕು ಸಾವಿರ ವರ್ಷಗಳಿಗೂ ಹಿಂದೆಯೇ ಅದನ್ನು ಬಿತ್ತಿ ಬೆಳೆದರು. ಅವರು ಕಾಳನ್ನು ಹುರಿದರು, ಬೀಸಿ ಹಿಟ್ಟು ಮಾಡಿದರು. ಕಾಳೇ ಅವರಿಗೆ ಆಹಾರವಾಗಿತ್ತು. ಹದಿನಾರನೆಯ ಶತಮಾನದಲ್ಲಿ ಅದು ಸ್ಪೇನ್ ದೇಶಕ್ಕೆ ಬಂದು, ತೋಟದ ಅಲಂಕಾರವಾಗಿ ಯುರೋಪಿನಲ್ಲಿ ಹಬ್ಬಿತು. ಅದನ್ನು ಎಣ್ಣೆಯ ಬೆಳೆಯನ್ನಾಗಿ ಮಾಡಿದ ಕೀರ್ತಿ ರಷ್ಯದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಗಾಣಗಳು ಹುಟ್ಟಿಕೊಂಡವು. ಮುಂದಿನ ಶತಮಾನದಲ್ಲಿ ಪುಸ್ತೊವೊಯ್ತ್ ಎಂಬ ತಳಿವಿಜ್ಞಾನಿ ಕಾಳಿನಲ್ಲಿಯ ಎಣ್ಣೆಯ ಪ್ರಮಾಣವನ್ನು ಬಹುವಾಗಿ ಹೆಚ್ಚಿಸಿದನು. 1969ರಲ್ಲಿ ಆ ದೇಶದ ತಳಿಗಳು ಭಾರತಕ್ಕೆ ಬಂದವು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬಿ.ಎಸ್.ಎಚ್.-1 ಎಂಬ ಸಂಕರ ತಳಿ ಹೊರಬಂದಿತು. ತರುವಾಯದ ದಶಕಗಳಲ್ಲಿ ಕರ್ನಾಟಕವು ಈ ಬೆಳೆಯಲ್ಲಿ ದೇಶಕ್ಕೇ ಮುಂದಾಯಿತು.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸುವುದು ಅವಶ್ಯ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರದ ಭಾಗವಿದೆ, ಆಯುರ್ವೇದದ ಪ್ರಾಚೀನ ಗ್ರಂಥಗಳಲ್ಲಿ ತಿಲ, ಅತಸಿ, ಕುಸುಂಭಗಳ, ಎಂದರೆ ಎಳ್ಳು, ಅಗಸಿ, ಕುಸುಬೆಗಳ ಗುಣವಿಚಾರವಿದೆ. ಆ ಕಾಲಕ್ಕೆ ಈ ಸೂರ್ಯಕಾಂತಿಯು ಸಮುದ್ರವನ್ನೇ ದಾಟಿರಲಿಲ್ಲ. ಆದುದರಿಂದ ಇದರ ಗುಣಗಳನ್ನು ಪ್ರಾಚೀನರ ಹೆಸರಿನಲ್ಲಿ ಹೇಳುವುದು ಉಚಿತವಲ್ಲ. ಆಧುನಿಕ ಪೋಷಣಶಾಸ್ತ್ರವು ತೂಗಿ ಅಳೆದು ಹೇಳಿರುವುದೇ ಇಲ್ಲಿ ಪ್ರಮಾಣ.

ಎಣ್ಣೆಯ ಬೆಳೆಯೆಂದೇ ಬಂದುದರಿಂದ ಸೂರ್ಯಕಾಂತಿಯು ರಾಶಿಯಾದೊಡನೆ ಪೇಟೆಗೆ ಹೋಗುವ ಬೆಳೆಯಾಯಿತು. ಕಡಲೆಯಲ್ಲಿ ಮನೆಗೊಂದು ಚೀಲ ಉಳಿಯುತ್ತದೆ. ಶೇಂಗಾದಲ್ಲಿ ಹಬ್ಬದ ಹೋಳಿಗೆಗೆ, ಉಂಡೆಗೆ ಎಂದು ಉಳಿಯುತ್ತದೆ. ಸೂರ್ಯಪಾನದಲ್ಲಿ ಮನೆಯ ಪಾಲೆಂಬುದೇ ಏರ್ಪಡಲಿಲ್ಲ.

ಕಾಳಿನೊಳಗೆ ಇರುವುದೇನು?

ಎಣ್ಣೆಯ ಜಾತಿಯ ಕಾಳಿನ ತೂಕದಲ್ಲಿ ಸುಮಾರು ಕಾಲು ಭಾಗ ಸಿಪ್ಪೆ, ಉಳಿದುದು ತಿರುಳು. ಒಣಗಿದ ತಿರುಳು 100 ಗ್ರಾಂ ತೆಗೆದುಕೊಂಡರೆ, ಅದರಲ್ಲಿ ಸಸಾರಜನಕ ಸುಮಾರು 21 ಗ್ರಾಂ, ಜಿಡ್ಡು 51 ಗ್ರಾಂ, ಪಿಷ್ಟ ಸಕ್ಕರೆ ನಾರುಗಳೆಲ್ಲ ಸೇರಿ 20 ಗ್ರಾಂ ಇರುತ್ತವೆ. ಈ 20 ಗ್ರಾಮಿನಲ್ಲಿ ನಾರಿನಂಶವೇ 8 ಗ್ರಾಂ ಮೀರುತ್ತದೆ. ಶಕ್ತಿ ಸುಮಾರು 580 ಕಿಲೋ ಕ್ಯಾಲೊರಿ. ಖನಿಜಗಳಲ್ಲಿ ರಂಜಕ 660 ಮಿಲಿಗ್ರಾಂ, ಪೊಟ್ಯಾಸಿಯಂ 645, ಮೆಗ್ನೀಷಿಯಂ 325, ಸುಣ್ಣದಂಶ 78, ಕಬ್ಬಿಣ ಮತ್ತು ಸತು ಸುಮಾರು ಐದೈದು ಮಿಲಿಗ್ರಾಂ ಇವೆ. ಜೀವಸತ್ವಗಳಲ್ಲಿ ಇ ಜೀವಸತ್ವವು 35 ಮಿಲಿಗ್ರಾಂ, ಬಿ-1 ಎಂಬ ಥಯಾಮಿನ್ ಒಂದೂವರೆ ಮಿಲಿಗ್ರಾಂ, ರಕ್ತವೃದ್ಧಿಗೆ ಬೇಕಾದ ಫೋಲೇಟ್ 227 ಮೈಕ್ರೋಗ್ರಾಂ ಇರುತ್ತವೆ.

ಪರಿಚಿತವಾದ ಶೇಂಗಾದೊಡನೆ ಹೋಲಿಸಿದರೆ ಈ ಅಂಕಿಗಳ ಅರ್ಥವು ಸ್ಪಷ್ಟವಾಗುತ್ತದೆ. ಸಸಾರಜನಕದಲ್ಲಿ ಶೇಂಗಾ ಮುಂದು. ಅದರಲ್ಲಿ 100 ಗ್ರಾಮಿಗೆ ಸುಮಾರು 26 ಗ್ರಾಂ ಇದೆ. ಇ ಜೀವಸತ್ವದಲ್ಲಿ ಸೂರ್ಯಕಾಂತಿಯು ಶೇಂಗಾದ ನಾಲ್ಕು ಪಟ್ಟು, ಮೆಗ್ನೀಷಿಯಂನಲ್ಲಿ ಹೆಚ್ಚು ಕಡಿಮೆ ಎರಡು ಪಟ್ಟು. ಸುಣ್ಣದಂಶದಲ್ಲಿ ಎಳ್ಳಿಗೆ ಸಮನಾದ ಎಣ್ಣೆಕಾಳು ಇಲ್ಲ. ಒಮೆಗಾ-3 ಎಂಬ ಕೊಬ್ಬಿನಾಮ್ಲದಲ್ಲಿ ಅಗಸಿಗೆ ಸಮನಾದುದಿಲ್ಲ. ಸೂರ್ಯಕಾಂತಿಯಲ್ಲಿ ಈ ಒಮೆಗಾ-3 ಇಲ್ಲವೆನ್ನುವಷ್ಟು ಅಲ್ಪ. ಹೀಗೆ ಒಂದೊಂದು ಕಾಳಿಗೆ ಒಂದೊಂದು ಗುಣ. ಸೂರ್ಯಪಾನವು ಗುರೆಳ್ಳು ಅಗಸಿಗಳನ್ನು ಸರಿಸಿ ಆ ಜಾಗದಲ್ಲಿ ಕುಳಿತುಕೊಳ್ಳಬೇಕಾಗಿಲ್ಲ. ಅವುಗಳ ಪಂಕ್ತಿಯಲ್ಲಿ ತಾನೂ ಕುಳಿತರೆ ಸಾಕು.

ಎಣ್ಣೆಗೂ ಕಾಳಿಗೂ ಇರುವ ಅಂತರ

ಕಾಳನ್ನು ಗಿರಣಿಗೆ ಹಾಕಿದಾಗ ಜಿಡ್ಡು ಒಂದು ಕಡೆಗೆ, ಉಳಿದುದೆಲ್ಲ ಮತ್ತೊಂದು ಕಡೆಗೆ ಹೋಗುತ್ತದೆ. ಎಣ್ಣೆಯಲ್ಲಿ ಇ ಜೀವಸತ್ವವೂ, ಶರೀರವು ತಾನಾಗಿ ಉತ್ಪತ್ತಿ ಮಾಡಿಕೊಳ್ಳಲಾರದ ಲಿನೋಲಿಕ್ ಆಮ್ಲವೂ ಇರುತ್ತವೆ; ಅವು ಬೇಕಾದವುಗಳೇ. ಆದರೆ ಸಸಾರಜನಕ, ನಾರು, ಕಬ್ಬಿಣ, ಸತು, ಮೆಗ್ನೀಷಿಯಂ, ಬಿ ವರ್ಗದ ಜೀವಸತ್ವಗಳು ಎಣ್ಣೆಯೊಡನೆ ಬರುವುದಿಲ್ಲ. ಅವು ಹಿಂಡಿಯಲ್ಲಿ ಉಳಿದು ಕೊಟ್ಟಿಗೆಯ ದಾರಿ ಹಿಡಿಯುತ್ತವೆ. ದನಕ್ಕೆ ಹಿಂಡಿ ಬೇಕು, ಅದರಿಂದ ಹಾಲೂ ಆಗುತ್ತದೆ. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬೆಳೆದವನ ಮನೆಯ ಮಗುವಿಗೆ ಆ ಕಾಳಿನಿಂದ ನೇರವಾಗಿ ದೊರೆತದ್ದು ಒಗ್ಗರಣೆಯ ಜಿಡ್ಡು ಮಾತ್ರ. ಅದೂ ತನ್ನ ಹೊಲದ್ದಲ್ಲ. ದೇಶದಲ್ಲಿ ಬಳಕೆಯಾಗುವ ಸೂರ್ಯಕಾಂತಿ ಎಣ್ಣೆಯ ಬಹುಭಾಗವು ಈಗ ರಷ್ಯ, ಉಕ್ರೇನ್ ಮುಂತಾದ ಹೊರದೇಶಗಳಿಂದ ಬರುತ್ತಿದೆ. 2022ರಲ್ಲಿ ಆ ಎರಡು ದೇಶಗಳ ನಡುವೆ ಯುದ್ಧವು ಹೊತ್ತಿಕೊಂಡಾಗ ಹಳ್ಳಿಯ ಒಲೆಯ ಮೇಲಿನ ಬಾಣಲೆಗೂ ಅದರ ಬಿಸಿ ತಟ್ಟಿದುದು ಎಲ್ಲರ ನೆನಪಿನಲ್ಲಿಯೂ ಇದೆ.

ಈ ವಿಚಾರವು ಕೇವಲ ಶಾಸ್ತ್ರಚರ್ಚೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳು ರಕ್ತಹೀನರು. ನೂರರಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆ ಮಕ್ಕಳೇ ಮುಂದೆ ಶಾಲೆಯ ಬಾಗಿಲಿಗೆ ಬರುವವರು. ಹಲಗೆಯ ಮೇಲೆ ಬರೆದುದು ಮನಸ್ಸಿಗೆ ಹತ್ತದೆ ತೂಕಡಿಸುವ ಬಾಲಕನನ್ನು ಮಂದಬುದ್ಧಿಯವನೆಂದು ಎಣಿಸುವುದಕ್ಕೆ ಮುಂಚೆ, ಅವನು ಬೆಳಿಗ್ಗೆ ಏನು ಉಂಡು ಬಂದನೆಂದು ಕೇಳುವುದು ಅಧ್ಯಾಪಕನ ಧರ್ಮವಾಗಿದೆ.

ಮಕ್ಕಳಿಗೆ

ಬೆಳೆಯುವ ಮಗುವಿನ ಹೊಟ್ಟೆ ಚಿಕ್ಕದು, ಅವಶ್ಯಕತೆ ದೊಡ್ಡದು. ಸ್ವಲ್ಪದರಲ್ಲಿ ಹೆಚ್ಚು ಶಕ್ತಿಯನ್ನು ಕೊಡುವ ಪದಾರ್ಥವು ಅದಕ್ಕೆ ಹಿತ. ಒಂದು ಹಿಡಿಯಷ್ಟು, ಎಂದರೆ 30 ಗ್ರಾಂ ತಿರುಳಿನಲ್ಲಿ ಸುಮಾರು 175 ಕಿಲೋ ಕ್ಯಾಲೊರಿ ಶಕ್ತಿ, 6 ಗ್ರಾಂ ಸಸಾರಜನಕ, ಒಂದೂವರೆ ಮಿಲಿಗ್ರಾಂ ಕಬ್ಬಿಣ, ಅಷ್ಟೇ ಸತು ದೊರೆಯುತ್ತವೆ. ಶಾಲೆಗೆ ಹೋಗುವ ಮಗುವಿಗೆ ದಿನಕ್ಕೆ ಇದರ ಅರ್ಧ, ಎಂದರೆ 15 ಗ್ರಾಂ ಸಾಕು.

ಆದರೆ ಈ ಕಾಳೊಂದರಿಂದಲೇ ರಕ್ತಹೀನತೆ ನೀಗುವುದೆಂದು ಹೇಳುವುದು ಅತಿಶಯೋಕ್ತಿಯಾದೀತು. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ 15 ಮಿಲಿಗ್ರಾಂ ಕಬ್ಬಿಣ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಮಾರ್ಗಸೂಚಿ ಹೇಳುತ್ತದೆ. ಕಾಳಿನಲ್ಲಿಯ ಫೈಟಿಕ್ ಆಮ್ಲವು ಕಬ್ಬಿಣವನ್ನು ಹಿಡಿದಿಟ್ಟು ಅದರ ಒಂದಂಶವನ್ನು ಮಾತ್ರ ದೇಹಕ್ಕೆ ಬಿಡುತ್ತದೆ. ಇದಕ್ಕೆ ಪರಿಹಾರವು ಜೊತೆಗಿನ ಊಟದಲ್ಲಿಯೇ ಇದೆ. ಲಿಂಬೆಯ ರಸ, ನೆಲ್ಲಿಕಾಯಿ, ಪೇರಲ ಹಣ್ಣು ಮುಂತಾದವುಗಳಲ್ಲಿಯ ಸಿ ಜೀವಸತ್ವವು ಕಬ್ಬಿಣವು ರಕ್ತಕ್ಕೆ ಸೇರುವುದಕ್ಕೆ ನೆರವಾಗುತ್ತದೆ. ಊಟದೊಡನೆ ಚಹ ಕುಡಿಯುವುದು ಅದಕ್ಕೆ ಅಡ್ಡಿ. ಸರಕಾರವು ಶಾಲೆಗಳಲ್ಲಿ ಕೊಡುವ ಕಬ್ಬಿಣದ ಗುಳಿಗೆಗೆ, ವೈದ್ಯರ ಔಷಧಕ್ಕೆ ಈ ಕಾಳು ಬದಲಿಯಲ್ಲ. ಅವುಗಳ ಜೊತೆಗಿರತಕ್ಕ ನಿತ್ಯದ ಆಹಾರ.

ಸಸಾರಜನಕದ ವಿಷಯದಲ್ಲಿಯೂ ಒಂದು ಸೂಕ್ಷ್ಮವಿದೆ. ಸೂರ್ಯಕಾಂತಿಯ ಸಸಾರಜನಕದಲ್ಲಿ ಮೆಥಿಯೊನಿನ್ ಎಂಬ ಅಂಶವು ಚೆನ್ನಾಗಿದೆ. ಲೈಸಿನ್ ಎಂಬುದು ಕಡಿಮೆ. ಜೋಳದಲ್ಲಿಯೂ ಲೈಸಿನ್ ಕಡಿಮೆಯೇ. ಹೆಸರು, ಮಡಕಿ, ಕಡಲೆ ಮೊದಲಾದ ದ್ವಿದಳ ಕಾಳುಗಳಲ್ಲಿ ಲೈಸಿನ್ ಸಮೃದ್ಧವಾಗಿದ್ದು ಮೆಥಿಯೊನಿನ್ ಕಡಿಮೆ. ಆದುದರಿಂದ ಜೋಳದ ರೊಟ್ಟಿ, ಕಾಳಿನ ಪಲ್ಯ, ಸೂರ್ಯಪಾನದ ಹಿಂಡಿ, ಒಂದಿಷ್ಟು ಮೊಸರು ಇವು ಒಂದೇ ಗಂಗಾಳದಲ್ಲಿ ಕೂಡಿದಾಗ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ಈ ಸೀಮೆಯ ಅಜ್ಜಿಯರು ಲೈಸಿನ್ ಎಂಬ ಹೆಸರನ್ನು ಕೇಳಿದವರಲ್ಲ. ಆದರೂ ಅವರು ರೂಢಿಗೆ ತಂದ ಊಟದ ಕ್ರಮವು ಶಾಸ್ತ್ರಕ್ಕೆ ಒಪ್ಪುವಂತಿದೆ.

ಹಿರಿಯರಿಗೆ

ವಯಸ್ಕರಿಗೆ ದಿನಕ್ಕೆ 15 ಮಿಲಿಗ್ರಾಂ ಇ ಜೀವಸತ್ವ ಬೇಕೆಂದು ಅಮೆರಿಕದ ಶಿಫಾರಸು ಹೇಳುತ್ತದೆ. ಒಂದು ಹಿಡಿ ತಿರುಳಿನಲ್ಲಿ ಸುಮಾರು 10 ಮಿಲಿಗ್ರಾಂ ಸಿಗುತ್ತದೆ. ಜೀವಕೋಶಗಳ ಹೊರಪದರದಲ್ಲಿಯ ಜಿಡ್ಡು ಕೆಡದಂತೆ ಕಾಯುವುದು ಈ ಜೀವಸತ್ವದ ಕೆಲಸ. ಮೆಗ್ನೀಷಿಯಂ ಸ್ನಾಯು ನರಗಳ ಕಾರ್ಯಕ್ಕೆ, ಎಲುಬಿನ ಬಲಕ್ಕೆ ಬೇಕು. ಬೆಣ್ಣೆ, ವನಸ್ಪತಿಗಳ ಘನವಾದ ಕೊಬ್ಬಿನ ಬದಲು ಇಂಥ ಕಾಳುಗಳ ದ್ರವರೂಪದ ಜಿಡ್ಡನ್ನು ಬಳಸಿದರೆ ರಕ್ತದಲ್ಲಿಯ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಬಸುರಿ ಬಾಣಂತಿಯರಿಗೆ ಫೋಲೇಟ್, ಸತುಗಳ ಅವಶ್ಯಕತೆ ಅಧಿಕ. ಹಲ್ಲುಗಳು ಸಡಿಲವಾದ ವೃದ್ಧರಿಗೆ ಕಾಳಿಗಿಂತ ಪುಡಿಯೇ ಅನುಕೂಲ.

‘ಬದಲು’ ಎಂಬ ಮಾತನ್ನು ಇಲ್ಲಿ ಮರೆಯಲಾಗದು. ಅರ್ಧಕ್ಕಿಂತ ಹೆಚ್ಚು ತೂಕವು ಜಿಡ್ಡಾಗಿರುವ ಈ ಕಾಳನ್ನು, ಊಟವೆಲ್ಲ ಮುಗಿದ ಮೇಲೆ ಬಾಯಾಡಿಸುವುದಕ್ಕೆಂದು ಹಿಡಿಹಿಡಿಯಾಗಿ ತಿಂದರೆ ಮೈ ಬೆಳೆಯುವುದೇ ಹೊರತು ಆರೋಗ್ಯ ಬೆಳೆಯದು. ವಯಸ್ಕರಿಗೆ ದಿನಕ್ಕೆ ಒಂದು ಹಿಡಿಯೇ ಮಿತಿ. ರಕ್ತದೊತ್ತಡ ಇರುವವರು ಪೇಟೆಯಲ್ಲಿ ದೊರೆಯುವ ಉಪ್ಪು ಸವರಿದ ಕಾಳನ್ನು ದೂರವಿಡಬೇಕು. ಇದರಲ್ಲಿ ರಂಜಕವೂ ಪೊಟ್ಯಾಸಿಯಂ ಕೂಡ ಅಧಿಕವಾಗಿರುವುದರಿಂದ ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳಿಯೇ ತಿನ್ನತಕ್ಕದ್ದು.

ಎಚ್ಚರಿಕೆಗಳು

ಮೊದಲನೆಯದಾಗಿ, ಬಿತ್ತನೆಗೆಂದು ತಂದ ಬೀಜವನ್ನು ಯಾವ ಕಾರಣಕ್ಕೂ ತಿನ್ನಬಾರದು. ಅದಕ್ಕೆ ಕೀಟನಾಶಕ, ಶಿಲೀಂಧ್ರನಾಶಕಗಳನ್ನು ಸವರಿರುತ್ತಾರೆ; ಮೇಲಿನ ಬಣ್ಣವೇ ಅದರ ಗುರುತು. ಬಿತ್ತಿ ಉಳಿದ ಬೀಜದ ಚೀಲವು ಮಕ್ಕಳ ಕೈಗೆ ಎಟುಕದಂತೆ ನೋಡಿಕೊಳ್ಳಬೇಕು. ತೊಳೆದರೆ ಹೋದೀತೆಂಬ ಭ್ರಮೆ ಸಲ್ಲದು.

ಎರಡನೆಯದಾಗಿ, ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಕಾಳನ್ನು ಕೊಡಬಾರದು. ಅದು ಉಸಿರುನಾಳಕ್ಕೆ ಸಿಕ್ಕಿಕೊಂಡರೆ ಪ್ರಾಣಾಪಾಯ. ಅಂಥವರಿಗೆ ನುಣ್ಣಗೆ ಕುಟ್ಟಿದ, ಖಾರವಿಲ್ಲದ ಪುಡಿಯನ್ನು ಅನ್ನದಲ್ಲಾಗಲಿ, ಹಾಲಿನಲ್ಲಿ ನೆನೆಸಿದ ರೊಟ್ಟಿಯಲ್ಲಾಗಲಿ ಕಲಸಿ ಕೊಡಬೇಕು. ಸಿಪ್ಪೆಸಮೇತ ನುಂಗಿದ ಕಾಳು ಮಕ್ಕಳ ಕರುಳಿನಲ್ಲಿ ಗಟ್ಟಿಕಟ್ಟಿ ನಿಂತ ಪ್ರಸಂಗಗಳನ್ನು ವೈದ್ಯರು ದಾಖಲಿಸಿದ್ದಾರೆ. ಆದುದರಿಂದ ಸುಲಿದ ತಿರುಳೇ ಗ್ರಾಹ್ಯ.

ಮೂರನೆಯದಾಗಿ, ಜಿಡ್ಡು ಹೆಚ್ಚಾಗಿರುವುದರಿಂದ ಸುಲಿದ ತಿರುಳು ಬೇಗ ಕಮಟುತ್ತದೆ. ಕಮಟು ವಾಸನೆ ಬಂದುದನ್ನೂ ಬೂಷ್ಟು ಹಿಡಿದುದನ್ನೂ ಚೆಲ್ಲಬೇಕು. ಮೊದಲ ಸಲ ಕೊಡುವಾಗ ಚಿಟಿಕೆಯಷ್ಟು ಕೊಟ್ಟು ನೋಡುವುದು ಲೇಸು; ವಿರಳವಾಗಿಯಾದರೂ ಕೆಲವರಿಗೆ ಇದು ಒಗ್ಗದೆ ಮೈಮೇಲೆ ದದ್ದು ಏಳುವುದುಂಟು.

ಹಿಂಡಿ ಮಾಡುವ ಕ್ರಮ

ಸ್ವಂತ ಹೊಲದ, ಔಷಧ ಸವರದ ಕಾಳಾದರೆ ಅದನ್ನು ಚೆನ್ನಾಗಿ ಒಣಗಿಸಿ, ಒರಳಿನಲ್ಲಿ ಹಗುರಾಗಿ ತುಳಿಸಿ, ಮೊರದಲ್ಲಿ ಕೇರಿದರೆ ಸಿಪ್ಪೆ ಬೇರೆಯಾಗುತ್ತದೆ. ಎಣ್ಣೆಯ ಜಾತಿಯ ಸಣ್ಣ ಕರಿಕಾಳಿನಲ್ಲಿ ಇದು ಸ್ವಲ್ಪ ತ್ರಾಸದ ಕೆಲಸ. ಸುಲಿದ ತಿರುಳು ಈಗ ಪೇಟೆಯ ಕಿರಾಣಿ ಅಂಗಡಿಗಳಲ್ಲಿಯೂ ಸಿಗುತ್ತದೆ.

ಎರಡು ಬಟ್ಟಲು ತಿರುಳನ್ನು ಸಣ್ಣ ಉರಿಯ ಮೇಲೆ ಘಮವೆನ್ನುವವರೆಗೆ ಹುರಿಯಬೇಕು. ಕೆಂಪಗಾಗಿಸಿದರೆ ಕಹಿಯಾಗುತ್ತದೆ, ಜೀವಸತ್ವವೂ ನಷ್ಟವಾಗುತ್ತದೆ. ಒಂದು ಬಟ್ಟಲು ಪುಟಾಣಿ, ಅರ್ಧ ಬಟ್ಟಲು ಹುರಿದ ಅಗಸಿ, ಒಣಗಿಸಿದ ಕರಿಬೇವು, ಜೀರಿಗೆ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ, ಹುಣಸೆ, ರುಚಿಗೆ ಉಪ್ಪು ಇವನ್ನು ಕೂಡಿಸಿ ಒರಳಿನಲ್ಲಿ ಕುಟ್ಟಬೇಕು. ಪುಟಾಣಿಯಿಂದ ಲೈಸಿನ್, ಅಗಸಿಯಿಂದ ಒಮೆಗಾ-3 ಬಂದು ಸೂರ್ಯಪಾನದ ಕೊರತೆಗಳು ನೀಗುತ್ತವೆ. ಹತ್ತು ಹದಿನೈದು ದಿನಕ್ಕೆ ಸಾಕಾಗುವಷ್ಟನ್ನೇ ಮಾಡಿ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಖಾರ ಒಲ್ಲದ ಮಕ್ಕಳಿಗೆ ಅದೇ ತಿರುಳನ್ನು ಎಳ್ಳಿನೊಡನೆ ಕುಟ್ಟಿ ಬೆಲ್ಲ ಬೆರೆಸಿ ಸಣ್ಣ ಉಂಡೆ ಕಟ್ಟಬಹುದು.

ಉಪಸಂಹಾರ

ಹೊಸದೊಂದು ಆಹಾರವು ರೂಢಿಗೆ ಬರಬೇಕಾದರೆ ಉಪದೇಶ ಸಾಲದು. ನಾಲ್ಕು ಜನ ಕೂಡಿ ಉಣ್ಣುವ ಪಂಕ್ತಿ ಬೇಕು. ಮೆಣಸಿನಕಾಯಿ, ಶೇಂಗಾಗಳೂ ಒಂದು ಕಾಲಕ್ಕೆ ಅಮೆರಿಕ ಖಂಡದಿಂದಲೇ ಈ ದೇಶಕ್ಕೆ ಬಂದವು. ಈಗ ಅವಿಲ್ಲದ ಊಟವನ್ನು ಈ ನಾಡಿನವರು ಊಹಿಸಲಾರರು. ದಾಸೋಹದ ಸಂಪ್ರದಾಯವುಳ್ಳ ಮಠಗಳ ಶಾಲೆಗಳಿಗೂ ಪ್ರಸಾದ ನಿಲಯಗಳಿಗೂ ಅಂಥ ಪಂಕ್ತಿಯ ಅನುಕೂಲ ಸಹಜವಾಗಿಯೇ ಒದಗಿದೆ. ರೊಟ್ಟಿಯ ಮಗ್ಗುಲಿಗೆ ಒಂದು ಚಮಚ ಸೂರ್ಯಪಾನದ ಹಿಂಡಿ ಬಿದ್ದರೆ ಅದಕ್ಕೆ ತಗಲುವ ವೆಚ್ಚ ಅಲ್ಪ. ಮಕ್ಕಳು ಅದರ ರುಚಿಯನ್ನು ತಮ್ಮ ಊರುಗಳಿಗೆ ಒಯ್ಯುತ್ತಾರೆ. ಭಕ್ತರಾದ ರೈತರು ಸುಗ್ಗಿಯಲ್ಲಿ ಜೋಳ ಕಡಲೆಗಳ ಜೊತೆಗೆ ಒಂದು ಚೀಲ ಸೂರ್ಯಪಾನವನ್ನು ಸಲ್ಲಿಸಬಹುದು. ಸಿಪ್ಪೆ ಸುಲಿಯುವ ಚಿಕ್ಕ ಯಂತ್ರವೊಂದನ್ನು ಹಳೆಯ ವಿದ್ಯಾರ್ಥಿಗಳು ಕೂಡಿ ಕೊಡಿಸಬಹುದು. ಕಾಳನ್ನು ತೂಗಿ, ಸುಲಿದು, ಸಿಪ್ಪೆ ತಿರುಳುಗಳ ಪ್ರಮಾಣವನ್ನು ಲೆಕ್ಕಮಾಡುವುದನ್ನು ಅಧ್ಯಾಪಕರು ಗಣಿತಕ್ಕೂ ವಿಜ್ಞಾನಕ್ಕೂ ಒಂದು ಪಾಠವನ್ನಾಗಿ ಮಾಡಬಹುದು.

ಸೂರ್ಯಪಾನವನ್ನು ಬೆಳೆಯುವವನು ತನ್ನ ರಾಶಿಯಲ್ಲಿ ಮನೆಯ ಮಕ್ಕಳಿಗೆಂದು ಹತ್ತು ಸೇರು ಎತ್ತಿಟ್ಟ ದಿನ, ‘ಹಿಂಡಿ’ ಎಂಬ ಶಬ್ದದ ಎರಡನೆಯ ಅರ್ಥವು ಈ ಕಾಳಿಗೂ ಸಲ್ಲುತ್ತದೆ. ಹೊಲಕ್ಕೆ ಬಂದ ಗಿಳಿಗೆ ದೊರೆಯುವ ಸತ್ವವು ಹೊಲದ ಒಡೆಯನ ಮಗುವಿಗೂ ದೊರೆಯುವಂತಾಗಲಿ ಎಂಬುದೇ ಈ ವಿಚಾರದ ಸಾರ.